ಮೈಸೂರಿನ ಜೆಟ್, ಕೊಯಮತ್ತೂರಿನ ಗಾಳಿ

ಶನಿವಾರ ಬೆಳಗ್ಗೆ ಐದೂವರೆ. ಮೈಸೂರಿನ ಒಂಟಿಕೊಪ್ಪಲಿನ ನಮ್ಮ ಮನೆ ಮುಂದೆ ನಾಲ್ಕು ಹಳೇ ಬೈಕ್‌ಗಳು ಒಟ್ಟಿಗೆ ಸ್ಟಾರ್ಟ್ ಆದವು. ಎರಡು ಜಾವಾ, ಎರಡು ಯೆಜ್ಡಿ. ರಂಗೋಲಿ ಹಾಕ್ತಿದ್ದ ಪಕ್ಕದ ಮನೆ ಆಂಟಿ ಹೊಗೆಗೆ ಮೂಗು ಮುಚ್ಚಿಕೊಂಡು ಒಳಗೆ ಹೋದರು. ಅಪ್ಪ ಗೇಟ್ ಹತ್ತಿರ ನಿಂತು ಒಂದೇ ಮಾತು ಹೇಳಿದರು: "ಹೋಗೋದು ಹೋಗು. ಗಾಡೀನ ಹೀಗೇ ವಾಪಸ್ ತಗೊಂಡ್ಬಾ."

ಗಾಡಿ ಅಪ್ಪನದು, 1985ರ ಯೆಜ್ಡಿ ರೋಡ್‌ಕಿಂಗ್. ಅದು ಹುಟ್ಟಿದ್ದು ನಮ್ಮ ಮನೆಯಿಂದ ನಡೆದು ಹೋಗುವಷ್ಟು ದೂರದ ಯಾದವಗಿರಿಯಲ್ಲಿ. ಅಲ್ಲಿನ ಐಡಿಯಲ್ ಜಾವಾ ಕಾರ್ಖಾನೆ 1961ರಲ್ಲಿ ಚೆಕೊಸ್ಲೊವಾಕಿಯಾದ ಜಾವಾ ಬೈಕ್‌ಗಳನ್ನು ತಯಾರಿಸಲು ಶುರುಮಾಡಿತು. ಮುಂದೆ ಯೆಜ್ಡಿ ಅಂತ ಹೆಸರಾಯಿತು. 1996ರಲ್ಲಿ ಬಾಗಿಲು ಮುಚ್ಚಿತು. ಆದರೆ ಈ ಗಾಡಿಗಳನ್ನು ಬಲ್ಲ ಕೈಗಳು ಊರಲ್ಲಿ ಇನ್ನೂ ಇವೆ. ಅವರಲ್ಲೊಬ್ಬರು ನಮ್ಮ ಕ್ಲಬ್ಬಿನವರೆಲ್ಲ 'ಮೇಷ್ಟ್ರು' ಅಂತ ಕರೆಯುವ, ಎಪ್ಪತ್ತು ದಾಟಿದ ಮೆಕ್ಯಾನಿಕ್.

ಕೊಯಮತ್ತೂರಿನ ರೇಸ್ ಟ್ರ್ಯಾಕಿನಲ್ಲಿ ಗೆಳೆಯರ ನಡುವೆಯೇ ಆರು ಸುತ್ತಿನ ಒಂದು ರೇಸ್ ಅಂತ ಗೊತ್ತಾದ ಮೇಲೆ ಐದು ವೀಕೆಂಡ್ ನಾನು ಬೆಂಗಳೂರಿನಿಂದ ಓಡಿ ಬಂದದ್ದು ಅವರ ಶೆಡ್‌ಗೆ. ಹೆಡ್ ಬಿಚ್ಚಿ ಕಾರ್ಬನ್ ಕೆರೆದೆವು. ಪಾಯಿಂಟ್ ಗ್ಯಾಪ್, ಟೈಮಿಂಗ್ ಕೂರಿಸಿದೆವು. ನನಗೆ ಅಷ್ಟು ಸಾಲದು. ಎಕ್ಸಾಸ್ಟ್ ಪೋರ್ಟ್ ಕೊರೆದು ಎತ್ತರ ಮಾಡಿದರೆ ಇನ್ನಷ್ಟು ಸ್ಪೀಡ್ ಸಿಗುತ್ತೆ ಅಂತ ವಿಡಿಯೊ ನೋಡಿದ್ದೆ.

"ಕೊರೆಯೋದು ದೊಡ್ಡ ಕೆಲಸ ಅಲ್ಲಪ್ಪ. ಆಮೇಲೆ ಬೇಡ ಅನ್ನಿಸಿದ್ರೆ ಏನ್ ಮಾಡ್ತೀಯ?" ಅಂದರು ಮೇಷ್ಟ್ರು. ಆಫೀಸಿನಲ್ಲಿ ಕೋಡ್ ಕೆಟ್ಟರೆ ಹಿಂದಿನ ವರ್ಶನ್‌ಗೆ ಹೋಗ್ತೀವಿ. ಕೊರೆದ ಲೋಹಕ್ಕೆ ಆ ಸೌಲಭ್ಯ ಇಲ್ಲ. ಅದೂ ಅಲ್ಲದೆ ಅಪ್ಪನ ಸಿಲಿಂಡರ್ ಆಗಲೇ ಮೂರು ಸಲ ಬೋರ್ ಆಗಿತ್ತು. ಇನ್ನೊಂದೇ ಸಲಕ್ಕೆ ಜಾಗ ಉಳಿದಿದೆ ಅಂತ ಅಳತೆ ತೋರಿಸಿದರು. ಪೋರ್ಟ್ ಆಸೆ ಬಿಟ್ಟೆ. ಆದರೆ ಕಾರ್ಬ್ಯುರೇಟರಿನ ಮೇನ್ ಜೆಟ್ ಒಂದು ನಂಬರ್ ಸಣ್ಣದು ಹಾಕಿ ಅಂತ ಹಟ ಹಿಡಿದೆ. ಹಾಕಿದ ಮೇಲೆ ಇಂಜಿನ್ ಚುರುಕಾಗಿ ಏರಿತು. ಹಳೇ ಜೆಟ್ಟನ್ನು ಬೆಂಕಿಪೊಟ್ಟಣದಲ್ಲಿ ಹಾಕಿ ಕೊಟ್ಟು, "ಜೇಬಲ್ಲಿರಲಿ" ಅಂದರು.

ನಂಜನಗೂಡು, ಚಾಮರಾಜನಗರ ದಾಟಿ ಹಾಸನೂರಿನ ಕಾಡು. ಅದಾದ ಮೇಲೆ ದಿಂಬಂ ಘಾಟ್, 27 ಹೇರ್‌ಪಿನ್ ತಿರುವು. ಟೂ ಸ್ಟ್ರೋಕ್ ಗಾಡಿಗೆ ಹತ್ತುವುದಕ್ಕಿಂತ ಇಳಿಯುವುದೇ ಪರೀಕ್ಷೆ. ಇಂಜಿನ್‌ಗೆ ಆಯಿಲ್ ಹೋಗೋದು ಪೆಟ್ರೋಲಿನ ಜತೆಗೇ. ಥ್ರಾಟಲ್ ಪೂರ್ತಿ ಮುಚ್ಚಿ ಗೇರಿನಲ್ಲೇ ಇಳಿದರೆ ಆಯಿಲ್ಲೂ ಸಾಲದಾಗುತ್ತೆ. ಹಾಗಾಗಿ ಆಗಾಗ ಒಂಚೂರು ತಿರುವುತ್ತಾ ಇಳಿಯಬೇಕು. ಒಂದೊಂದು ತಿರುವಿಗೂ ಗಾಳಿ ಬೆಚ್ಚಗಾಗ್ತಾ ಬಂತು. ಕೆಳಗೆ ಬಣ್ಣಾರಿ ಅಮ್ಮನ ದೇವಸ್ಥಾನದ ಹತ್ತಿರ ಜಾಕೆಟ್ ಬಿಚ್ಚಿ ಕಟ್ಟಿದೆವು. ಗಾಳಿ ಬದಲಾಗಿದ್ದು ನನ್ನ ಚರ್ಮಕ್ಕೆ ಗೊತ್ತಾಯಿತು, ತಲೆಗೆ ಹೊಳೆಯಲಿಲ್ಲ.

ಕೊಯಮತ್ತೂರಿನ ಚೆಟ್ಟಿಪಾಳ್ಯಂನಲ್ಲಿದೆ ಕರಿ ಮೋಟಾರ್ ಸ್ಪೀಡ್‌ವೇ. ಫಾರ್ಮುಲಾ ಮಾರುತಿ ರೇಸ್ ಕಾರು ರೂಪಿಸಿದ, 1995ರಲ್ಲಿ ವಿಮಾನ ಅಪಘಾತದಲ್ಲಿ ತೀರಿಕೊಂಡ ಎಸ್. ಕರಿವರ್ಧನ್ ಅವರ ಹೆಸರಿನ ಟ್ರ್ಯಾಕ್. ಸುತ್ತು ಎರಡು ಕಿಲೋಮೀಟರಿಗೆ ಸ್ವಲ್ಪ ಜಾಸ್ತಿ. ಟಿವಿಯಲ್ಲಿ ನೋಡುವಷ್ಟು ಭರ್ಜರಿಯಾಗಿಲ್ಲ. ಆದರೆ ಎದುರಿನಿಂದ ಬಸ್ಸು, ಹಸು, ಸ್ಕೂಟಿ ಯಾವುದೂ ಬರದ ರಸ್ತೆ ಅಂದ್ರೆ ಏನು ಅಂತ ಅಲ್ಲಿಗೆ ಹೋದಾಗಲೇ ಗೊತ್ತಾಗೋದು.

ಭಾನುವಾರದ ರೇಸಿನಲ್ಲಿ ಮೂರು ಸುತ್ತು ಎರಡನೇ ಸ್ಥಾನದಲ್ಲಿದ್ದೆ. ನಾಲ್ಕನೇ ಸುತ್ತಿನ ಸ್ಟ್ರೈಟ್‌ನಲ್ಲಿ ಫುಲ್ ಥ್ರಾಟಲ್. ಮುಂದಿನ ಜಾವಾ ಕೈಗೆಟುಕುವಷ್ಟು ಹತ್ತಿರ. ಆಗ ಕೇಳಿಸಿತು, ಡಬ್ಬದಲ್ಲಿ ಕಡಲೆಕಾಳು ಅಲ್ಲಾಡಿಸಿದ ಹಾಗೆ ಸಣ್ಣ ಶಬ್ದ. ಹಿಂದೆಯೇ ಯಾರೋ ಗಾಡಿಯನ್ನು ಹಿಡಿದು ಎಳೆದ ಹಾಗಾಯಿತು. ಇನ್ನೊಂದು ಸೆಕೆಂಡ್ ಹಿಡಿದಿದ್ದರೆ ಓವರ್‌ಟೇಕ್ ಆಗ್ತಿತ್ತೋ, ಪಿಸ್ಟನ್ ಜಾಮ್ ಆಗ್ತಿತ್ತೋ ಗೊತ್ತಿಲ್ಲ. ಉಳಿದ ಒಂದೇ ಬೋರ್ ನೆನಪಾಯಿತು. ಕ್ಲಚ್ ಒತ್ತಿ ಪಕ್ಕಕ್ಕೆ ಬಂದೆ. ಎಲ್ಲರೂ ನನ್ನ ದಾಟಿ ಹೋದರು.

ಪ್ಲಗ್ ಬಿಚ್ಚಿದರೆ ಸುಣ್ಣದ ಹಾಗೆ ಬಿಳಿ. ಕಾಫಿ ಪುಡಿ ಬಣ್ಣ ಇರಬೇಕಿತ್ತು. ಲೆಕ್ಕ ಆಗ ಅರ್ಥವಾಯಿತು. ಮೈಸೂರು ಸಮುದ್ರಮಟ್ಟದಿಂದ ಸುಮಾರು 770 ಮೀಟರ್ ಎತ್ತರ, ಕೊಯಮತ್ತೂರು ಸುಮಾರು 410. ಕೆಳಗಿಳಿದಷ್ಟೂ ಗಾಳಿ ದಟ್ಟ, ಅದಕ್ಕೆ ತಕ್ಕ ಹಾಗೆ ಪೆಟ್ರೋಲ್ಲೂ ಜಾಸ್ತಿ ಬೇಕು. ನಾನು ಮೊದಲೇ ಕಡಿಮೆ ಮಾಡಿದ್ದೆ. ಪೆಟ್ರೋಲ್ ಕಡಿಮೆ ಅಂದ್ರೆ ಆಯಿಲ್ಲೂ ಕಡಿಮೆ, ಶಾಖ ಜಾಸ್ತಿ. ಮೇನ್ ಜೆಟ್ಟಿನ ನಿಜವಾದ ಪರೀಕ್ಷೆ ಫುಲ್ ಥ್ರಾಟಲ್‌ನಲ್ಲೇ. ಬೆಂಗಳೂರಿನ ಟ್ರಾಫಿಕ್ಕಿನಲ್ಲೋ ಮೈಸೂರಿನ ರಿಂಗ್ ರೋಡಿನಲ್ಲೋ ಅಷ್ಟು ಹೊತ್ತು ಯಾರು ಫುಲ್ ಥ್ರಾಟಲ್ ಹಿಡೀತಾರೆ?

"ಮಗಾ, ಬೆಂಕಿಪೊಟ್ಟಣ ತೆಗಿ" ಅಂದ ಗೆಳೆಯ. ಇಂಜಿನ್ ಆರಿದ ಮೇಲೆ ಹಳೇ ಜೆಟ್ ಹಾಕಿ, ಬಾಕಿ ಸುತ್ತುಗಳನ್ನು ಒಬ್ಬನೇ ಮುಗಿಸಿದೆ. ರಿಸಲ್ಟ್ ಶೀಟಿನಲ್ಲಿ ಕೊನೇ ಹೆಸರು ನನ್ನದು. ಗಾಡಿ ಮಾತ್ರ ತನ್ನ ಕಾಲ ಮೇಲೇ ಘಾಟ್ ಹತ್ತಿ ಮನೆಗೆ ಬಂತು.

ಅಪ್ಪ ಗೇಟಿಗೆ ಬಂದರು. ಇಂಜಿನ್ ಆಫ್ ಮಾಡೋಕೆ ಬಿಡದೆ ಸ್ವಲ್ಪ ಹೊತ್ತು ಕಿವಿಗೊಟ್ಟು ನಿಂತರು. "ಈಗ ಸರಿಯಾಗಿದೆ. ಹೋಗುವಾಗ ಯಾಕೋ ಒಣಗಿದ ಹಾಗಿತ್ತು."

"ಆಗಲೇ ಹೇಳಬಾರದಿತ್ತಾ ಅಪ್ಪ?"

"ನೀನು ಕೇಳಲಿಲ್ವಲ್ಲೋ."

ನಿಮ್ಮ ಮನೆ ಶೆಡ್ಡಿನಲ್ಲೂ ಹಳೇ ಟೂ ಸ್ಟ್ರೋಕ್ ಗಾಡಿ ಇದ್ದು, ಹೀಗೆ ಹೊರಡೋದಾದ್ರೆ ಎರಡು ಮಾತು. ದಿಂಬಂ ದಾರೀಲಿ ರಾತ್ರಿ ಸಂಚಾರಕ್ಕೆ ನಿರ್ಬಂಧ ಇದೆ, ಬೆಳಕಿರುವಾಗಲೇ ಘಾಟ್ ದಾಟಿ. ಹೋಗೋ ಊರಿನ ಎತ್ತರ ನೋಡಿ ಜೆಟ್ ಆರಿಸಿ, ಒಂದು ನಂಬರ್ ದೊಡ್ಡದೂ ಜೇಬಲ್ಲಿರಲಿ. ಹೊರಡೋ ಮುಂಚೆ, ಆ ಗಾಡಿಯನ್ನು ನಿಮಗಿಂತ ಮೊದಲು ಓಡಿಸಿದವರನ್ನು ಕರೆದು ಒಂದು ಸಲ ಇಂಜಿನ್ ಸೌಂಡ್ ಕೇಳಿಸಿ.