ವಿಮಾನದ ಗುಜರಿ, ಟ್ರಾಲಿಯ ಆಕ್ಸಲ್

ಕಾರವಾರದ ಬೀಚಿಗೆ ಹೋದವರು ಅಲ್ಲಿ ಚಾಪಲ್ ಯುದ್ಧನೌಕೆಯ ಹತ್ತಿರ ನಿಂತಿರುವ ದೊಡ್ಡ ವಿಮಾನ ನೋಡಿರಬಹುದು. ಅದು ನೌಕಾಪಡೆಯ ಟುಪೊಲೆವ್ 142. 2017ರಲ್ಲಿ ನಿವೃತ್ತಿಯಾದ ಮಾದರಿ. ತಮಿಳುನಾಡಿನ ಅರಕ್ಕೋಣಂನಲ್ಲಿ ಬಿಚ್ಚಿ, ಭಾಗಗಳನ್ನು ರಸ್ತೆ ಮೇಲೆ ತಂದು ಮತ್ತೆ ಜೋಡಿಸಿದ್ದಾರೆ. ಅದು ನೋಡಲಿಕ್ಕೆ ಮಾತ್ರ.

ಪ್ರಯಾಣಿಕರ ವಿಮಾನಕ್ಕೆ ವಯಸ್ಸಾದರೆ ಬಿಚ್ಚುವುದು ಬೇರೆ ಕಾರಣಕ್ಕೆ. ಅದರ ಸಾಮಾನು ಇನ್ನೊಂದು ವಿಮಾನದಲ್ಲಿ ಮತ್ತೆ ಹಾರಬೇಕು. ಏರ್‌ಬಸ್ ಕಂಪನಿ 2005ರಿಂದ 2007ರವರೆಗೆ ಫ್ರಾನ್ಸ್‌ನ ಟಾರ್ಬ್‌ನಲ್ಲಿ ಈ ಪ್ರಯೋಗ ನಡೆಸಿತು. ಹಳೇ ಎ300 ವಿಮಾನವೊಂದರ ತೂಕದಲ್ಲಿ ಶೇ. 85ರಷ್ಟನ್ನು ಹಾಗೇ ಬಳಸಬಹುದು ಇಲ್ಲವೇ ಕರಗಿಸಿ ಬಳಸಬಹುದು ಎಂದು ಗೊತ್ತಾಯಿತು.

ಮೊದಲು ಎಂಜಿನ್, ಗಾಲಿಗಳ ಕಾಲು, ಪೈಲಟ್ ಮುಂದಿನ ಯಂತ್ರಗಳು ಹೊರಬರುತ್ತವೆ. ಬಿಚ್ಚಿದ ಕೂಡಲೇ ಒಂದೊಂದಕ್ಕೂ ಚೀಟಿ. ಯಾವ ವಿಮಾನದ್ದು, ಅದರ ನಂಬರ್ ಎಷ್ಟು, ಎಷ್ಟು ತಾಸು ಹಾರಿದೆ, ಯಾಕೆ ತೆಗೆದರು, ಎಲ್ಲಾ ಬರೆದಿರಬೇಕು. ಆಮೇಲೆ ಲೈಸನ್ಸ್ ಇರುವ ವರ್ಕ್‌ಶಾಪ್ ಪರೀಕ್ಷೆ ಮಾಡಿ ಪ್ರಮಾಣಪತ್ರ ಕೊಡಬೇಕು. ಎಂಜಿನ್ ಒಳಗೆ ತಿರುಗುವ ಡಿಸ್ಕಿಗೆ ಇಷ್ಟೇ ಸಲ ಹಾರಬೇಕೆಂಬ ಲೆಕ್ಕ ಇದೆ. ಆ ಲೆಕ್ಕದ ಕಾಗದ ಕಳೆದರೆ, ಡಿಸ್ಕ್ ಎಷ್ಟೇ ಫಳಫಳ ಹೊಳೆಯಲಿ, ಅದು ಗುಜರಿಯೇ.

ಇಷ್ಟು ಬಿಗಿ ಸುಮ್ಮನೆ ಬಂದಿಲ್ಲ. 1989ರಲ್ಲಿ ನಾರ್ವೆಯ ಪಾರ್ಟ್ನೇರ್ ಕಂಪನಿಯ ವಿಮಾನ ಡೆನ್ಮಾರ್ಕ್ ಬಳಿ ಸಮುದ್ರಕ್ಕೆ ಬಿತ್ತು. 55 ಜನ ಸತ್ತರು. ಬಾಲದ ರೆಕ್ಕೆ ಹಿಡಿದಿದ್ದ ಬೋಲ್ಟುಗಳು ನಕಲಿ ಎಂದು ತನಿಖೆ ಹೇಳಿತು. 2023ರಲ್ಲೂ ಲಂಡನ್ನಿನ ಒಂದು ಕಂಪನಿ ಸುಳ್ಳು ಕಾಗದ ಕೊಟ್ಟು ಎಂಜಿನ್ ಸಾಮಾನು ಮಾರಿದ್ದು ಬಯಲಾಗಿ, ಹಲವು ದೇಶಗಳ ಕಂಪನಿಗಳು ತಮ್ಮ ಎಂಜಿನ್ ತಪಾಸಣೆ ಮಾಡಬೇಕಾಯಿತು.

ಇದನ್ನು ಓದುವಾಗ ನನಗೆ ನಮ್ಮ ಕಾಕಾನ ಕಬ್ಬಿನ ಟ್ರಾಲಿ ನೆನಪಾಯಿತು. ಎರಡು ಹಂಗಾಮಿನ ಹಿಂದೆ ಗುಜರಿ ಅಂಗಡಿಯಿಂದ ಹಳೇ ಆಕ್ಸಲ್ ತಂದು ಹಾಕಿದ್ದ. "ಯಾವ ಗಾಡೀದ್ರಿ ಇದು?" ಅಂತ ಕೇಳಿದ್ದಕ್ಕೆ, "ಮಾಲ್ ಚಲೋ ಐತಿ, ತಗೊಂಡ್ ಹೋಗ್ರಿ ಕಾಕಾ" ಅಂದಿದ್ದರಂತೆ. ಕಾರ್ಖಾನೆಗೆ ಲೋಡ್ ಒಯ್ಯುವಾಗ ರಾತ್ರಿ ಮುಧೋಳ ರಸ್ತೆಯಲ್ಲಿ ಅದು ಮುರಿದು ಟ್ರಾಲಿ ಪಲ್ಟಿಯಾಯಿತು. ಹಿಂದೆ ಬೈಕ್ ಮೇಲೆ ಯಾರೂ ಬರುತ್ತಿರಲಿಲ್ಲ, ನಸೀಬು. ಮುರಿದ ಜಾಗದಲ್ಲಿ ಅರ್ಧದಷ್ಟು ಹಳೇ ತುಕ್ಕು ಇತ್ತು. ಅಂದರೆ ಬಿರುಕು ಮೊದಲೇ ಬಿಟ್ಟಿತ್ತು.

ಹಳೇ ಸಾಮಾನು ಕೆಟ್ಟದ್ದಲ್ಲ. ವಿಮಾನಗಳೇ ಹಳೇ ಸಾಮಾನು ಹಾಕಿಕೊಂಡು ಹಾರುತ್ತವೆ. ಅದರ ಹಿಂದಿನ ಕಥೆ ಗೊತ್ತಿಲ್ಲದಿರುವುದೇ ಅಪಾಯ. ಸೀಟು, ಬಾನೆಟ್ ಹೇಗಾದರೂ ತನ್ನಿ. ಬ್ರೇಕ್, ಸ್ಟೇರಿಂಗ್, ಹಬ್, ಆಕ್ಸಲ್ ತರುವಾಗ ಮೂರು ಮಾತು ಕೇಳಿ: ಯಾವ ಗಾಡಿಯದು? ಎಷ್ಟು ವರ್ಷ ದುಡಿದಿದೆ? ಯಾಕೆ ಬಿಚ್ಚಿದರು? ಉತ್ತರವನ್ನು ಬಿಲ್ಲಿನ ಮೇಲೆ ಬರೆಸಿಕೊಳ್ಳಿ. ಬರೆದು ಕೊಡಲು ಒಪ್ಪದಿದ್ದರೆ ಅಲ್ಲೇ ಬಿಟ್ಟು ಬನ್ನಿ. ಅದು ಕಿಲೋ ಲೆಕ್ಕದ ಕಬ್ಬಿಣ ಅಷ್ಟೇ.