ಸಮುದ್ರ ಮಟ್ಟದಿಂದ ಎತ್ತರ

ರೈಲು ನಿಲ್ದಾಣದ ಹಳದಿ ಫಲಕದಲ್ಲಿ ಊರಿನ ಹೆಸರಿನ ಕೆಳಗೆ ‘ಸಮುದ್ರ ಮಟ್ಟದಿಂದ ಎತ್ತರ’ ಇಷ್ಟು ಮೀಟರು ಎಂದು ಬರೆದಿರುತ್ತಾರೆ. ಅದನ್ನು ಓದಿಕೊಂಡೇ ಬೆಳೆದ ನನ್ನ ಲೆಕ್ಕದಲ್ಲಿ ಸಮುದ್ರವೆಂದರೆ ಸೊನ್ನೆ. ಬೆಟ್ಟವಿಲ್ಲ, ದಿಣ್ಣೆಯಿಲ್ಲ, ಮೆಟ್ಟಿಲಿಲ್ಲ. ಹಾಗಾಗಿ ಅಮೆರಿಕದಲ್ಲಿರುವ ಮಗ “ಅಪ್ಪಾ, ಈ ಸಲ ಒಂದು ವಾರ ಕ್ರೂಸ್ ಹೋಗೋಣ” ಅಂದಾಗ ನನಗಿಂತ ಮೊದಲು ಒಪ್ಪಿದ್ದು ನನ್ನ ಮಂಡಿಗಳು. ಮೂಳೆ ಡಾಕ್ಟರು ಹೊರಡುವ ಮುಂಚೆ ಹೇಳಿದ್ದು ಒಂದೇ ಮಾತು: “ಮೆಟ್ಟಿಲು ಮಾತ್ರ ಹತ್ತಿ ಇಳಿಯೋದು ಬೇಡ.” ನಾನು ನಕ್ಕೆ. ನಡುಸಮುದ್ರದಲ್ಲಿ ಎಲ್ಲಿಯ ಮೆಟ್ಟಿಲು?

ಮಯಾಮಿ ಬಂದರಿನಲ್ಲಿ ಕತ್ತೆತ್ತಿ ನೋಡಿದಾಗ ಮೋಸ ಹೋದದ್ದು ತಿಳಿಯಿತು. ಎದುರಿಗೆ ನಿಂತಿದ್ದದ್ದನ್ನು ಹಡಗು ಎನ್ನಲು ಮನಸ್ಸು ಬರಲಿಲ್ಲ. ಯಾರೋ ಬೆಂಗಳೂರಿನ ಹೊರವರ್ತುಲ ರಸ್ತೆಯ ಅಪಾರ್ಟ್‌ಮೆಂಟೊಂದನ್ನು ಬುಡ ಸಮೇತ ಕಿತ್ತು ನೀರಿಗೆ ಬಿಟ್ಟ ಹಾಗಿತ್ತು. ಮಗನ ಪ್ರಕಾರ ಇದು ಸಾಧಾರಣ ಗಾತ್ರದ್ದು. 2024ರಲ್ಲಿ ಇದೇ ಬಂದರಿನಿಂದ ಓಡಾಟ ಶುರುಮಾಡಿದ ‘ಐಕಾನ್ ಆಫ್ ದಿ ಸೀಸ್’ ಹಡಗಿಗೆ 20 ಡೆಕ್ಕುಗಳಂತೆ. ತುಂಬಿದರೆ 7,000ಕ್ಕೂ ಹೆಚ್ಚು ಪ್ರಯಾಣಿಕರಂತೆ. “ಸದ್ಯ, ಅದಕ್ಕೆ ಟಿಕೆಟ್ ಮಾಡಿಸಲಿಲ್ಲವಲ್ಲ” ಅಂದವು ಮಂಡಿಗಳು.

ಇಂಥ ಹಡಗಿನ ರಚನೆಯಲ್ಲೇ ಒಂದು ತಂಟೆಯಿದೆ. ಕುಳಿತು ಉಣ್ಣುವ ಊಟದ ಮನೆ ಕೆಳಗೆ, ತಟ್ಟೆ ಹಿಡಿದು ಬಡಿಸಿಕೊಳ್ಳುವ ಬಫೆ ನೆತ್ತಿಯ ಮೇಲೆ, ಮಲಗುವ ಕೋಣೆಗಳು ಇವೆರಡರ ನಡುವೆ. ನಾಟಕಶಾಲೆ ಮೂತಿಯ ಕಡೆ, ಊಟದ ಮನೆ ಬಾಲದ ಕಡೆ. ಮನುಷ್ಯನಿಗೆ ಹಸಿವೆಯಾದರೂ ಮೇಲೆ ಕೆಳಗೆ, ಬೇಸರವಾದರೂ ಮೇಲೆ ಕೆಳಗೆ. ಅದೂ ಎಲ್ಲರಿಗೂ ಒಂದೇ ಹೊತ್ತಿಗೆ. ಮೊದಲ ಪಂಕ್ತಿಯವರು ಉಂಡು ಮೇಲೇಳುವಾಗ ಎರಡನೆಯ ಪಂಕ್ತಿಯವರು ಕೆಳಗಿಳಿಯುತ್ತಾರೆ; ನಾಟಕ ಬಿಟ್ಟವರು ನಡುವೆ ಸೇರಿಕೊಳ್ಳುತ್ತಾರೆ. ಇನ್ನಷ್ಟು ಲಿಫ್ಟು ಹಾಕಬಹುದಿತ್ತಲ್ಲ ಎನ್ನಬಹುದು. ಒಂದು ಲಿಫ್ಟಿನ ಹಾದಿ ಅಷ್ಟೂ ಡೆಕ್ಕುಗಳನ್ನು ಕೊರೆದುಕೊಂಡು ಹೋಗಬೇಕು. ಒಂದೊಂದು ಡೆಕ್ಕಿನಲ್ಲೂ ಬಾಡಿಗೆ ತರುವ ಜಾಗವನ್ನು ಅದು ನುಂಗುತ್ತದೆ. ಲಿಫ್ಟಿಗೆ ಕಾದು ನಿಂತವನ ಬೈಗುಳಕ್ಕೆ ಬಾಡಿಗೆ ಹುಟ್ಟುವುದಿಲ್ಲ.

ಮೊದಲ ಎರಡು ದಿನ ನಾನು ಲಿಫ್ಟಿನ ಮುಂದೆ ನಿಂತು ಮನುಷ್ಯರನ್ನು ಓದಿದೆ. ಕೆಲವರು ಮೇಲಿನ ಗುಂಡಿ, ಕೆಳಗಿನ ಗುಂಡಿ ಎರಡನ್ನೂ ಒತ್ತುತ್ತಾರೆ. ಯಾವುದು ಬಂದರೂ ಸರಿ, ಹತ್ತಿಕೊಂಡು ಒಂದು ಸುತ್ತು ಹೊಡೆದು ಬರೋಣ ಎಂಬ ವೈರಾಗ್ಯ. ಇನ್ನು ಕೆಲವರು ಉರಿಯುತ್ತಿರುವ ಗುಂಡಿಯನ್ನೇ ಮತ್ತೆ ಮತ್ತೆ ಒತ್ತುತ್ತಾರೆ, ಒತ್ತಿದಷ್ಟೂ ಪುಣ್ಯ ಎಂಬಂತೆ. ಸೋಂಕಿನ ಹೆದರಿಕೆಯಿರುವವರು ಬೆರಳ ಗೆಣ್ಣಿನಿಂದಲೋ ಮೊಣಕೈಯಿಂದಲೋ ತಿವಿಯುತ್ತಾರೆ. ಬಾಗಿಲು ತೆರೆದರೆ ಒಳಗಿನವರು ಹೊರಗಿನವರನ್ನು ನೋಡುವ ನೋಟವೊಂದಿದೆ. ಸೀಟು ಸಿಕ್ಕವನು ಕಿಟಕಿಯಿಂದ ಬಸ್ ನಿಲ್ದಾಣವನ್ನು ನೋಡುತ್ತಾನಲ್ಲ, ಅದೇ.

ನಮ್ಮ ಹಡಗಿನ ಲಿಫ್ಟುಗಳಲ್ಲಿ ನನಗೆ ಹಿಡಿಸಿದ್ದು ನೆಲಹಾಸು. ಅದರ ಮೇಲೆ ದೊಡ್ಡ ಅಕ್ಷರಗಳಲ್ಲಿ ಆ ದಿನದ ವಾರ ನೇಯ್ದಿರುತ್ತದೆ. ಬೇರೆ ಕೆಲವು ಹಡಗುಗಳಲ್ಲೂ ಹೀಗೇ ಇದೆಯಂತೆ. ಕಡಲಿನಲ್ಲಿ ಕ್ಯಾಲೆಂಡರಿನ ನೆನಪು ಅಳಿಸಿಹೋಗುವುದರಿಂದ ಈ ಉಪಕಾರ. ನಡುರಾತ್ರಿ ಯಾರೋ ಬಂದು ಇಂದಿನದನ್ನು ಸುತ್ತಿ ನಾಳೆಯದನ್ನು ಹಾಸಿ ಹೋಗುತ್ತಾರೆ. ‘ಥರ್ಸ್‌ಡೇ’ ಕಂಡ ಬೆಳಿಗ್ಗೆ ನನ್ನಾಕೆ ಹೊಸ್ತಿಲಲ್ಲೇ ನಿಂತಳು. “ರಾಯರ ವಾರ ಕಣ್ರೀ, ಚಪ್ಪಲಿ ಕಾಲಲ್ಲಿ ಹೇಗೆ ತುಳಿಯಲಿ?” ಅವಳು ಅಂಚಿನಲ್ಲಿ ಗೋಡೆಗೆ ಅಂಟಿಕೊಂಡೇ ಐದು ಮಹಡಿ ಬಂದಳು. ಐದು ಎಂದೆನೇ? ಒಂಬತ್ತರಿಂದ ಹದಿನಾಲ್ಕಕ್ಕೆ ಲೆಕ್ಕದಲ್ಲಿ ಐದು, ಹತ್ತುವುದರಲ್ಲಿ ನಾಲ್ಕೇ. ಅಪಶಕುನವೆಂದು ಹದಿಮೂರನೆಯ ಡೆಕ್ಕನ್ನೇ ಹಾರಿಸಿದ್ದರು. ಇಟಲಿಯವರಿಗೆ ಹದಿನೇಳು ಆಗಿಬರುವುದಿಲ್ಲವಂತೆ, ಅವರ ಕೆಲವು ಹಡಗುಗಳಲ್ಲಿ ಅದೂ ಇಲ್ಲ. ಮಂಡಿನೋವಿನವನಿಗೆ ಮೂಢನಂಬಿಕೆಯಿಂದ ಆದ ಲಾಭ ಇದೊಂದೇ.

ಕಾಯಲಾರದೆ ಮೂರನೆಯ ದಿನ ಮೆಟ್ಟಿಲಿಗೆ ಇಳಿದೆ. ಒಂದು ಡೆಕ್ಕಿನಿಂದ ಇನ್ನೊಂದಕ್ಕೆ ಹದಿನೆಂಟು, ನಾನು ಎಣಿಸಿದ್ದೇನೆ. ಚಿಕ್ಕಂದಿನಲ್ಲಿ ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲನ್ನು ಓಡಿ ಹತ್ತಿದವನು ನಾನು. ಅಲ್ಲಿ ಅಮ್ಮ ಮೆಟ್ಟಿಲು ಮೆಟ್ಟಿಲಿಗೂ ಅರಿಶಿನ ಕುಂಕುಮ ಇಡುತ್ತ ಬರುತ್ತಿದ್ದಳು. ಮೇಲೆ ದೇವಿ ಕಾದಿರುತ್ತಿದ್ದಳು. ಇಲ್ಲಿ ಮೇಲೆ ಕಾದಿರುವುದು ಐಸ್‌ಕ್ರೀಮು. ಜೊತೆಗೆ ಬೆಟ್ಟದ ಮೆಟ್ಟಿಲು ಇಟ್ಟಲ್ಲಿ ಇರುತ್ತದೆ. ಹಡಗು ತುಸು ತೂಗಿದರೆ ಸಾಕು, ಒಂದು ಮೆಟ್ಟಿಲು ತಾನಾಗಿ ಎದ್ದುಬಂದು ಅಂಗಾಲಿಗೆ ತಗಲುತ್ತದೆ, ಮುಂದಿನದು ಕಾಲಿಟ್ಟಾಗ ಜಾರಿಕೊಂಡು ಕೆಳಗೆ ಹೋಗುತ್ತದೆ. ಒಮ್ಮೆ ನಾನು ಹತ್ತಿಯಷ್ಟು ಹಗುರ, ಮರುಕ್ಷಣ ಒರಳುಕಲ್ಲು.

ಒಂದು ಮಾತು ಮಂಡಿನೋವಿದ್ದವರಿಗೇ ಗೊತ್ತು: ಹತ್ತುವುದಕ್ಕಿಂತ ಇಳಿಯುವುದು ಕಷ್ಟ. ಜಗತ್ತು ಇದನ್ನು ತಲೆಕೆಳಗಾಗಿ ತಿಳಿದಿದೆ. ನಾನೂ ಹಾಗೇ ತಿಳಿದು, ಒಂದೇ ಡೆಕ್ಕು ಇಳಿಯಲು ಲಿಫ್ಟು ಹಿಡಿಯುವವರನ್ನು ಎರಡು ದಿನ ಮನಸ್ಸಿನಲ್ಲೇ ಶಪಿಸಿದ್ದೆ, “ಕಾಲು ಸವೆದುಹೋಗುತ್ತದೇನೋ” ಎಂದು. ನಾಲ್ಕನೆಯ ದಿನ ಇಳಿಯಲಾರದೆ ನಾನೇ ಹತ್ತರಿಂದ ಒಂಬತ್ತಕ್ಕೆ ಗುಂಡಿ ಒತ್ತಿದೆ. ಬಾಗಿಲು ಮುಚ್ಚುವ ಮೊದಲು ಹಿಂದಿನಿಂದ ಒಂದು ಹೆಂಗಸಿನ ಪಿಸುಮಾತು ಕೇಳಿತು: “ಒಂದೇ ಡೆಕ್ಕಿಗೆ!” ಸವೆದ ಮಂಡಿಗೆ ಬೋರ್ಡು ತಗುಲಿಸಿಕೊಂಡು ತಿರುಗಲಾಗುತ್ತದೆಯೇ? ನಾನು ಶಪಿಸಿದವರ ಪ್ಯಾಂಟಿನೊಳಗೆ ಏನೇನು ಸವೆದಿತ್ತೋ.

ಹಿಂದೆ ಇಷ್ಟು ಗೊಂದಲವಿರಲಿಲ್ಲ. ಅಟ್ಲಾಂಟಿಕ್ ದಾಟುತ್ತಿದ್ದ ಜರ್ಮನಿಯ ‘ಅಮೆರಿಕಾ’ ಹಡಗಿನಲ್ಲಿ 1905ರಲ್ಲೇ ಪ್ರಯಾಣಿಕರಿಗೆ ವಿದ್ಯುತ್ ಲಿಫ್ಟಿತ್ತು. 1912ರ ಟೈಟಾನಿಕ್‌ನಲ್ಲಿ ಮೊದಲ ದರ್ಜೆಗೆ ಮೂರು ಲಿಫ್ಟು, ಎರಡನೆಯ ದರ್ಜೆಗೆ ಒಂದು. ಮೂರನೆಯ ದರ್ಜೆಗೆ ಮೆಟ್ಟಿಲೇ ಗತಿ. ಯಾರು ನಿಂತು ಹೋಗಬೇಕು, ಯಾರು ಹತ್ತಿ ಸಾಯಬೇಕು ಎಂದು ಟಿಕೆಟ್ಟೇ ತೀರ್ಮಾನಿಸುತ್ತಿತ್ತು. ಈಗ ಎಲ್ಲರಿಗೂ ಎಲ್ಲ ಲಿಫ್ಟು. ಆದ್ದರಿಂದ ತೀರ್ಮಾನ ನಮ್ಮ ನಮ್ಮ ಮನಸ್ಸಿಗೆ ಬಿದ್ದಿದೆ. ಹಡಗು ಕಟ್ಟುವವರಂತೂ ಏರಿಳಿಯುವುದನ್ನೇ ಆಟ ಮಾಡಿಬಿಟ್ಟಿದ್ದಾರೆ. 2009ರ ‘ಓಯಸಿಸ್ ಆಫ್ ದಿ ಸೀಸ್’ನಲ್ಲಿ ಒಂದು ಬಾರು ಕುಡಿಯುವವರನ್ನು ಕೂರಿಸಿಕೊಂಡೇ ಡೆಕ್ಕಿನಿಂದ ಡೆಕ್ಕಿಗೆ ಏರಿಳಿಯುತ್ತದೆ. ಕುಡಿದವನಿಗೆ ಸಿಗುವ ಸವಲತ್ತು ಮಂಡಿ ಸವೆದವನಿಗಿಲ್ಲ.

ಎಲ್ಲರಿಗೂ ಎಂದೆನಲ್ಲ, ಅದೂ ಪೂರ್ತಿ ನಿಜವಲ್ಲ. ನಮ್ಮ ಕೋಣೆಯನ್ನು ಓರಣ ಮಾಡುತ್ತಿದ್ದ ಹುಡುಗ ಮಂಗಳೂರಿನವನು. ನಾನು ಲಿಫ್ಟಿನ ಬಗ್ಗೆ ಗೊಣಗಿದಾಗ ದಿಂಬಿಗೆ ಕವಚ ಹಾಕುತ್ತಲೇ ಅಂದ: “ನೀವು ಎಂತ ಸಾರ್, ಹತ್ತು ನಿಮಿಷ ಕಾಯುವುದಕ್ಕೆ ಬೇಜಾರಾ? ನಾವು ನಿಮ್ಮ ಲಿಫ್ಟು ಮುಟ್ಟುವ ಹಾಗೇ ಇಲ್ಲ. ನಮ್ಮದು ಹಿಂದೆ, ಕಬ್ಬಿಣದ ಮೆಟ್ಟಿಲು. ಅಲ್ಲಿಯ ಲಿಫ್ಟು ಬಟ್ಟೆಯ ಗಾಡಿಗೇ ಸಾಕಾಗುವುದಿಲ್ಲ ಮಾರಾಯ್ರೆ.” ಕೆಳಗೆ ಹಡಗಿನ ಉದ್ದಕ್ಕೂ ಕೆಲಸದವರ ಓಣಿಯೊಂದಿದೆಯಂತೆ. ಅದನ್ನು ಅವರು ‘ಐ-95’ ಅನ್ನುತ್ತಾರೆ. ಅಮೆರಿಕದ ಪೂರ್ವ ಕರಾವಳಿಯುದ್ದಕ್ಕೂ ಬಂದು ಮಯಾಮಿಯಲ್ಲಿ ಮುಗಿಯುವ ಹೆದ್ದಾರಿಯ ಹೆಸರು. ನಮ್ಮ ಬಫೆಯ ಅನ್ನ, ಹಾಸಿಗೆಯ ಬಟ್ಟೆ, ಕಸ ಎಲ್ಲ ಆ ಹೆದ್ದಾರಿಯಲ್ಲೇ ಓಡಾಡುತ್ತವೆ. “ದಿನಕ್ಕೆ ಎಷ್ಟು ಮೆಟ್ಟಿಲಪ್ಪ?” ಎಂದೆ. “ಎಣಿಸಿದರೆ ಕೆಲಸ ಆಗುವುದಿಲ್ಲ ಸಾರ್” ಅಂದ.

ಕಡೆಯ ರಾತ್ರಿ, ಶನಿವಾರ. ನಾಟಕ ಮುಗಿದು ಹನ್ನೊಂದೂವರೆ. ನಾಲ್ಕನೆಯ ಡೆಕ್ಕಿನಲ್ಲಿ ನಾವಿಬ್ಬರೂ ಹೇಗೋ ಒಂದು ಲಿಫ್ಟಿಗೆ ತೂರಿಕೊಂಡೆವು. ಐದರಲ್ಲಿ ಬಾಗಿಲು ತೆರೆಯಿತು. ಹೊರಗೆ ಗಾಲಿಕುರ್ಚಿಯಲ್ಲಿ ಬೆಳ್ಳಿಕೂದಲ ಅಜ್ಜಿ, ಹಿಂದೆ ಕುರ್ಚಿಯ ಹಿಡಿ ಹಿಡಿದ ಅಜ್ಜ. “ಇದು ಐದನೆಯದು” ಅಂದರು ಅಜ್ಜ. ನಮಗಲ್ಲ, ಬಾಗಿಲಿಗೆ. ಒಳಗಿದ್ದವರೆಲ್ಲ ಮಹಡಿ ತೋರಿಸುವ ಅಂಕಿಯನ್ನು ಭಕ್ತಿಯಿಂದ ನೋಡತೊಡಗಿದೆವು. ನನ್ನ ಬಳಿಯಂತೂ ಡಾಕ್ಟರ ಚೀಟಿಯೇ ಇತ್ತಲ್ಲ.

“ಇಳೀರಿ” ಅಂದಳು ನನ್ನಾಕೆ. “ಮಂಡಿ...” ಅಂದೆ. “ಹತ್ತೋದು ತಾನೆ, ಇಳಿಯೋದೇ ಕಷ್ಟ ಅಂತ ನೀವೇ ವಾರದಿಂದ ಭಾಷಣ ಮಾಡ್ತಿದ್ದೀರಲ್ಲ?”

ಇಳಿದೆ. ನಾವಿಳಿದದ್ದು ಕುರ್ಚಿಗೆ ಸಾಲದೆಂದು ಕಂಡು ಕಿವಿಗೆ ತಂತಿ ಸಿಕ್ಕಿಸಿಕೊಂಡ ಹುಡುಗನೊಬ್ಬ ಇಳಿದ; ಅವನ ಮುಖ ನೋಡಿ ಇನ್ನೊಂದು ದಂಪತಿ. ಮಿಕ್ಕವರು ಅಂಕಿ ನೋಡುತ್ತಲೇ ಇದ್ದರು. ಕುರ್ಚಿ ಒಳಗೆ ಹೋಯಿತು. ನಾವು ಐವರು ಕಂಬಿ ಹಿಡಿದು ಮೆಟ್ಟಿಲು ಹತ್ತಿದೆವು. ಆರರಲ್ಲಿ ದಣಿವಾರಿಸಿಕೊಂಡಾಗ ಆ ದಂಪತಿ ತಮ್ಮೂರ ಹೆಸರು ಹೇಳಿದರು. ಏಳರಲ್ಲಿ ಹುಡುಗ ತಂತಿ ತೆಗೆದು ಮಂಡಿ ಹೇಗಿದೆ ಎಂದು ಕೇಳಿದ. ವಾರವಿಡೀ ಲಿಫ್ಟಿನಲ್ಲಿ ಭುಜಕ್ಕೆ ಭುಜ ತಾಗಿಸಿ ನಿಂತು ಯಾರೂ ಯಾರ ಹೆಸರನ್ನೂ ಕೇಳಿರಲಿಲ್ಲ.

ಎಪ್ಪತ್ತೆರಡು ಮೆಟ್ಟಿಲು ಮುಗಿಸಿ ಒಂಬತ್ತಕ್ಕೆ ಬಂದಾಗ ಎದುರಿನ ಲಿಫ್ಟಿನ ಬಾಗಿಲು ಬಾಯಿ ತೆರೆದೇ ನಿಂತಿತ್ತು. ಒಳಗೆ ಯಾರೂ ಇಲ್ಲ. ವಾರದಲ್ಲಿ ಇದೇ ಮೊದಲು! ಬಗ್ಗಿ ನೋಡಿದರೆ ಒಬ್ಬ ಕೆಲಸದವನು ಮಂಡಿಯೂರಿ ಕೂತು ನೆಲಹಾಸು ಸುತ್ತುತ್ತಿದ್ದ. ಪಕ್ಕದಲ್ಲಿ ಭಾನುವಾರ ಸಿದ್ಧವಾಗಿತ್ತು.

“ಅಂತೂ ಶನಿ ಬಿಡ್ತು” ಅಂದಳು ನನ್ನಾಕೆ.