ದಂಡಿನ ಜೀಪಿಗೆ ಯಾವ ಟೈರು?

ಬೆಂಗಳೂರೆಂದರೆ ಎರಡು ಊರು ಎಂದು ಹಳಬರು ಹೇಳುತ್ತಿದ್ದರು. ಒಂದು ಕೆಂಪೇಗೌಡರ ಪೇಟೆ, ಇನ್ನೊಂದು ಬ್ರಿಟಿಷರ ದಂಡು. ಪೇಟೆಯ ಬೀದಿಗಳಿಗೆ ಅಕ್ಕಿ, ಅರಳೆ, ಬಳೆಗಳ ಹೆಸರು ಬಂದರೆ ದಂಡಿನ ಬೀದಿಗಳಿಗೆ ಇನ್‌ಫೆಂಟ್ರಿ, ಕ್ಯಾವಲ್ರಿಗಳ ಹೆಸರು ಬಂತು. 1809ರಲ್ಲಿ ಹಲಸೂರಿನ ಆಸುಪಾಸಿನಲ್ಲಿ ನೆಲೆಯೂರಿದ ದಂಡು ಬ್ರಿಟಿಷರ ಜತೆಗೇ ಹೊರಟುಹೋಗಲಿಲ್ಲ. ಹಲಸೂರು ಕೆರೆಯ ಬಳಿ ಮದರಾಸ್ ಸ್ಯಾಪರ್ಸ್ ಕೇಂದ್ರ ಇಂದಿಗೂ ಇದೆ. ಸೇನೆಯ ರಿಪೇರಿ ಕಾರ್ಖಾನೆಯಾದ 515 ಬೇಸ್ ವರ್ಕ್‌ಶಾಪ್ ಇರುವುದೂ ಹಲಸೂರಿನಲ್ಲೇ. ಸರಬರಾಜು ಮತ್ತು ಸಾಗಾಟದ ಹೊಣೆ ಹೊತ್ತ ಎ.ಎಸ್.ಸಿ. ದಳದ ತರಬೇತಿ ಕೇಂದ್ರವೂ ಇದೇ ಊರಿನದು. ಹಾಗಾಗಿ ನಾಲ್ಕೂ ಚಕ್ರ ಎಳೆಯುವ ಗಾಡಿ ಎಂದರೆ ನಗರದ ಈ ಪೂರ್ವಭಾಗಕ್ಕೆ ನಿನ್ನೆ ಮೊನ್ನೆಯ ಶೋಕಿಯಲ್ಲ.

ಅಮೆರಿಕದ ವಿಲ್ಲೀಸ್ ಮತ್ತು ಫೋರ್ಡ್ ಕಂಪೆನಿಗಳು 1941ರಿಂದ 1945ರ ನಡುವೆ ಆರು ಲಕ್ಷಕ್ಕೂ ಹೆಚ್ಚು ಜೀಪುಗಳನ್ನು ಯುದ್ಧಕ್ಕೆಂದು ತಯಾರಿಸಿದವು. 1947ರಲ್ಲಿ ಮಹೀಂದ್ರ ಕಂಪೆನಿ ಆ ಜೀಪನ್ನು ಮುಂಬಯಿಯಲ್ಲಿ ಜೋಡಿಸತೊಡಗಿತು. ಮುಂದೆ ಜಬಲ್‌ಪುರದ ಸೇನಾ ಕಾರ್ಖಾನೆಯಿಂದ ಜೋಂಗಾ ಬಂತು, 1985ರ ಕೊನೆಯಲ್ಲಿ ಮಾರುತಿ ಜಿಪ್ಸಿ ಬಂತು. ಸೇನೆ ಸಾಕೆಂದು ಹರಾಜಿಗಿಟ್ಟ ಗಾಡಿಗೆ ‘ಡಿಸ್ಪೋಸಲ್’ ಎಂದು ಹೆಸರು. ಕೊಡಗು, ಚಿಕ್ಕಮಗಳೂರು, ಸಕಲೇಶಪುರದ ಕಾಫಿ ತೋಟಗಳಲ್ಲಿ ಗೊಬ್ಬರ, ಆಳು, ಕಾಫಿ ಮೂಟೆ ಎಲ್ಲವನ್ನೂ ಹೊತ್ತವು ಇಂಥ ಗಾಡಿಗಳೇ. ಅವಕ್ಕೆ ಬಿಡಿಭಾಗ ಬೇಕೆಂದಾಗ ದಾರಿ ಬಂದು ನಿಲ್ಲುತ್ತಿದ್ದುದು ಶಿವಾಜಿನಗರದ ಗುಜರಿಯಲ್ಲಿ.

ರಸೆಲ್ ಮಾರುಕಟ್ಟೆಯ ಹೂವು ಹಣ್ಣಿನ ರಾಶಿ, ಸೇಂಟ್ ಮೇರೀಸ್ ಬೆಸಿಲಿಕಾದ ಎತ್ತರದ ಗೋಪುರ, ಮಸೀದಿ ಬೀದಿಯ ಕಬಾಬಿನ ಹೊಗೆ ದಾಟಿ ಒಳಗಲ್ಲಿಗಳಿಗೆ ನಡೆದರೆ ವಾಹನಗಳ ಕರುಳೆಲ್ಲ ಬೀದಿಯಲ್ಲೇ ಹರಡಿರುತ್ತದೆ. ಆಕ್ಸಲ್ಲು, ಸ್ಟೀರಿಂಗು, ಡಿಸ್ಕು, ಬಾಗಿಲು, ಬಂಪರು, ಗೇರುಪೆಟ್ಟಿಗೆ. ದಖನಿ ಉರ್ದು, ತಮಿಳು, ಕನ್ನಡ ಬೆರೆತ ಮಾತಿನಲ್ಲಿ ಚೌಕಾಸಿ ನಡೆಯುತ್ತದೆ. ಇಲ್ಲಿ ಸಿಗದ್ದು ಯಾವುದೂ ಇಲ್ಲ ಎನ್ನುತ್ತಾರೆ. ಒಪ್ಪೋಣ. ಆದರೆ ಸಿಕ್ಕಿದ್ದೆಲ್ಲ ನಮ್ಮ ಗಾಡಿಗೆ ಹೊಂದುತ್ತದೆಯೇ? 2020ರಲ್ಲಿ ಹೊಸ ಥಾರ್, 2023ರಲ್ಲಿ ಜಿಮ್ನಿ ಬಂದ ಮೇಲೆ ಈ ಪ್ರಶ್ನೆಗೆ ತೂಕ ಬಂದಿದೆ. ಕೊಂಡ ತಿಂಗಳಲ್ಲೇ ಕಂಪೆನಿಯ ಟೈರು ಕಿತ್ತು, ಅಂಗೈಯಗಲ ಗುಬುಟುಗಳಿರುವ ದಪ್ಪ ಟೈರು ಹಾಕಿಸುವುದು ಈಗಿನ ಉಮೇದು.

ಟೈರಿನ ಜಾತಿ ಮುಖ್ಯವಾಗಿ ಮೂರು. ನುಣುಪು ಗೀರುಗಳ ಹೈವೇ ಟೈರು, ಅಂದರೆ ಎಚ್.ಟಿ. ಎರಡಕ್ಕೂ ಸೈ ಎನ್ನುವ ಆಲ್ ಟೆರೇನ್, ಅಂದರೆ ಎ.ಟಿ. ಕೆಸರಿಗೆಂದೇ ಮಾಡಿದ ಮಡ್ ಟೆರೇನ್, ಅಂದರೆ ಎಂ.ಟಿ. ಕೆಸರಿನ ಟೈರಿನಲ್ಲಿ ಗುಬುಟುಗಳ ನಡುವೆ ಅಗಲವಾದ ಸಂದು ಇರುತ್ತದೆ. ಚಕ್ರ ಸುತ್ತುವಾಗ ಆ ಸಂದಿನ ಮಣ್ಣು ಹೊರಕ್ಕೆ ಸಿಡಿದು, ಟೈರು ಮತ್ತೆ ಮತ್ತೆ ಹೊಸದಾಗಿ ಕಚ್ಚುತ್ತದೆ. ಡಾಂಬರಿನ ಮೇಲೆ ಇದೇ ಗುಣ ದೋಷವಾಗುತ್ತದೆ. ಸಂದು ಹೆಚ್ಚಿದ್ದಷ್ಟೂ ನೆಲಕ್ಕೆ ತಾಗುವ ರಬ್ಬರು ಕಡಿಮೆ. ಮಳೆ ಹನಿದ ಇಂದಿರಾನಗರದ ನೂರಡಿ ರಸ್ತೆಯಲ್ಲಿ, ಎದುರಿನ ಸ್ಕೂಟರು ತಟ್ಟನೆ ನಿಂತಾಗ, ಎಂ.ಟಿ. ಟೈರಿನ ಗಾಡಿ ನಿಲ್ಲಲು ಹೆಚ್ಚು ದೂರ ತೆಗೆದುಕೊಳ್ಳುತ್ತದೆ. ಹಾಗಾದಾಗ ಬೆಲೆ ತೆರುವವನು ಸ್ಕೂಟರಿನವನು.

ಅಗಲದ ವಿಚಾರದಲ್ಲೂ ಒಂದು ತಪ್ಪು ಗ್ರಹಿಕೆ ಇದೆ. ಯುದ್ಧಕಾಲದ ವಿಲ್ಲೀಸ್ ಓಡಿದ್ದು 6.00-16 ಅಳತೆಯ ಟೈರಿನ ಮೇಲೆ. ಅಗಲ ಬರೀ ಆರು ಇಂಚು. ಮುಂದಕ್ಕೂ ಹಿಂದಕ್ಕೂ ಒಂದೇ ರೀತಿ ಕಚ್ಚುವ ಅಡ್ಡಪಟ್ಟಿಗಳು ಅದರ ಮೇಲಿದ್ದವು. ಮಲೆನಾಡಿನ ಹಾಗೆ ಮೇಲೆ ಕೆಸರು, ಕೆಳಗೆ ಗಟ್ಟಿ ನೆಲ ಇರುವ ಕಡೆ ಕಿರಿದಾದ ಟೈರು ಕೆಸರನ್ನು ಸೀಳಿ ಗಟ್ಟಿಯನ್ನು ಮುಟ್ಟುತ್ತದೆ. ಅಗಲ ಟೈರು ಕೆಸರಿನ ಮೇಲೆಯೇ ಜಾರಾಡುತ್ತದೆ. ಅದು ಉಪಕಾರಕ್ಕೆ ಬರುವುದು ಮರಳಿನಲ್ಲಿ. ಅಲ್ಲಿ ಹುಗಿಯದೆ ತೇಲಬೇಕು.

ಎತ್ತರ ಹೆಚ್ಚಿಸಿದರೂ ಲೆಕ್ಕ ತಪ್ಪುತ್ತದೆ. 28 ಇಂಚಿನ ಟೈರು ತೆಗೆದು 31 ಇಂಚಿನದು ಹಾಕಿದಿರಿ ಎನ್ನೋಣ. ಮೀಟರು 60 ಎಂದು ತೋರಿಸುವಾಗ ಗಾಡಿ ನಿಜಕ್ಕೂ 66ರಲ್ಲಿ ಓಡುತ್ತಿರುತ್ತದೆ. ಇಳಿಜಾರಿನಲ್ಲಿ ಎಂಜಿನ್ ಹಿಡಿತ ಅಷ್ಟರಮಟ್ಟಿಗೆ ಸಡಿಲ, ಬ್ರೇಕಿಗೆ ಭಾರ ಹೆಚ್ಚು, ಏರಿದ ಗಾಡಿ ಉರುಳುವ ಭಯವೂ ಹೆಚ್ಚು. ಕಾನೂನಿನ ತೊಡಕು ಬೇರೆ. ತಯಾರಕರು ಕೊಟ್ಟ ಮೂಲ ವಿವರಕ್ಕೆ ವ್ಯತಿರಿಕ್ತವಾಗಿ ಗಾಡಿಯನ್ನು ಮಾರ್ಪಡಿಸುವಂತಿಲ್ಲ ಎಂದು ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಅಡಿಯಲ್ಲಿ ಸುಪ್ರೀಂ ಕೋರ್ಟು 2019ರ ಜನವರಿಯಲ್ಲಿ ತೀರ್ಪಿತ್ತಿದೆ. ಗಾಡಿಯದು ಇಂದಿರಾನಗರದ ಕೆಎ 03 ಆಗಲಿ, ಕೆ.ಆರ್. ಪುರದ ಕೆಎ 53 ಆಗಲಿ, ನಿಯಮ ಒಂದೇ.

ಗುಜರಿಯಲ್ಲಿ ಹಳೆಯ ಟೈರು ಕೊಳ್ಳುವವರು ಅದರ ಪಕ್ಕೆಯನ್ನು ಓದಲು ಕಲಿಯಬೇಕು. ಅಲ್ಲಿ ಅಚ್ಚಾದ ನಾಲ್ಕು ಅಂಕಿಗಳಲ್ಲಿ ಮೊದಲೆರಡು ವಾರ, ಕೊನೆಯೆರಡು ವರ್ಷ. 2319 ಎಂದಿದ್ದರೆ ಅದು 2019ರ 23ನೇ ವಾರದಲ್ಲಿ ಹುಟ್ಟಿದ ಟೈರು. ಗುಬುಟು ಎಷ್ಟೇ ಎತ್ತರವಾಗಿರಲಿ, ಪಕ್ಕೆಯಲ್ಲಿ ಸಣ್ಣ ಬಿರುಕು ಕಂಡರೆ ಕೈಬಿಡಿ. ಅಗ್ಗವೆಂದು ಎರಡು ಒಂದು ಅಳತೆ, ಎರಡು ಇನ್ನೊಂದು ಅಳತೆ ತರಬೇಡಿ. ನಾಲ್ಕೂ ಚಕ್ರ ಒಟ್ಟಿಗೆ ಎಳೆಯುವ ಗಾಡಿಯಲ್ಲಿ ಅಳತೆಯ ವ್ಯತ್ಯಾಸ ನೇರವಾಗಿ ಗೇರುಪೆಟ್ಟಿಗೆಯ ಹಲ್ಲುಗಳನ್ನು ತಿನ್ನುತ್ತದೆ. ಸ್ಟೆಪ್ನಿಗೂ ಇದೇ ಮಾತು.

ಎಲ್ಲಕ್ಕಿಂತ ಅಗ್ಗದ, ಎಲ್ಲಕ್ಕಿಂತ ಫಲ ಕೊಡುವ ಬದಲಾವಣೆ ಎಂದರೆ ಹವಾ. ರಸ್ತೆಯಲ್ಲಿ 28–30 ಪೌಂಡು ಇದ್ದ ಹವಾವನ್ನು ಕಲ್ಲುಮಣ್ಣಿನ ದಾರಿ ಹಿಡಿಯುವ ಮೊದಲು 20–22ಕ್ಕೆ ಇಳಿಸಿ ನೋಡಿ. ಟೈರು ಸ್ವಲ್ಪ ಚಪ್ಪಟೆಯಾಗಿ, ಉದ್ದಕ್ಕೆ ಹಾಸಿಕೊಂಡು ಕಲ್ಲನ್ನು ತಬ್ಬಿ ಹಿಡಿಯುತ್ತದೆ. ಸೊಂಟಕ್ಕೆ ಬೀಳುವ ಪೆಟ್ಟೂ ಕಡಿಮೆ. ಮರಳಾದರೆ 15–18ರವರೆಗೂ ಹೋಗಬಹುದು. ಅದಕ್ಕೂ ಕೆಳಗಿಳಿಸಿದರೆ ತಿರುವಿನಲ್ಲಿ ಟೈರು ಡಿಸ್ಕಿನಿಂದ ಕಳಚಿಕೊಳ್ಳುವ ಅಪಾಯವಿದೆ. ಹವಾ ಇಳಿಸಿದ ಗಾಡಿ ನಿಧಾನವಾಗಿಯೇ ಓಡಬೇಕು. ಡಾಂಬರು ಸಿಕ್ಕಿದೊಡನೆ ತುಂಬಲು ಸಣ್ಣ ಪಂಪೊಂದು ಜತೆಗಿರಬೇಕು. ಕಡಿಮೆ ಹವಾದಲ್ಲಿ ಹೆದ್ದಾರಿ ವೇಗದಿಂದ ಓಡಿದರೆ ಟೈರು ಒಳಗೊಳಗೇ ಕಾದು ಸಿಡಿಯುತ್ತದೆ.

ಇನ್ನು ಗೇರಿನ ಪಕ್ಕದ ಸಣ್ಣ ಲಿವರು. 2ಎಚ್ ಎಂದರೆ ಹಿಂದಿನ ಎರಡು ಚಕ್ರಕ್ಕೆ ಮಾತ್ರ ಶಕ್ತಿ. 4ಎಚ್ ಎಂದರೆ ನಾಲ್ಕಕ್ಕೂ. 4ಎಲ್ ಎಂದರೆ ನಾಲ್ಕಕ್ಕೂ ಶಕ್ತಿ, ವೇಗ ಕಡಿಮೆ, ಎಳೆತ ಹೆಚ್ಚು. ಹಳೆಯ ಅನೇಕ ಜೀಪುಗಳಲ್ಲಿ ಕೆಳಗಿಳಿದು ಮುಂದಿನ ಚಕ್ರದ ಹಬ್ಬನ್ನೂ ಕೈಯಿಂದ ತಿರುಗಿಸಿ ಲಾಕ್ ಮಾಡಬೇಕು. ಮರೆತರೆ ಲಿವರು ಹಾಕಿದ್ದೂ ದಂಡ.

ಒಣ ಡಾಂಬರಿನಲ್ಲಿ 4ಎಚ್ ಹಾಕಿಕೊಂಡು ತಿರುಗಬಾರದು. ತಿರುವಿನಲ್ಲಿ ಮುಂದಿನ ಚಕ್ರಗಳು ಹಿಂದಿನವಕ್ಕಿಂತ ಹೆಚ್ಚು ದೂರ ಸುತ್ತಬೇಕು. ಜೀಪು, ಜಿಪ್ಸಿ, ಜಿಮ್ನಿ, ಥಾರ್‌ಗಳಲ್ಲಿ ಈ ವ್ಯತ್ಯಾಸವನ್ನು ಸರಿದೂಗಿಸಲು ನಡುವೆ ಡಿಫರೆನ್ಷಿಯಲ್ ಇಲ್ಲ. ಮಣ್ಣಾದರೆ ಚಕ್ರ ತುಸು ಜಾರಿ ಸರಿಹೋಗುತ್ತದೆ; ಡಾಂಬರು ಜಾರಲು ಬಿಡುವುದಿಲ್ಲ. ಸ್ಟೀರಿಂಗು ಬಿಗಿಯುತ್ತದೆ, ಲಿವರು ಸಿಕ್ಕಿಹಾಕಿಕೊಳ್ಳುತ್ತದೆ. ಆಗ ಎಳೆದಾಡದೆ, ನೇರವಾಗಿ ಕೆಲವು ಅಡಿ ರಿವರ್ಸ್ ತೆಗೆದುಕೊಂಡರೆ ಬಿಗಿ ಸಡಿಲುತ್ತದೆ.

ಹೂತ ಮೇಲೆ ಲಿವರು ಹಾಕುವುದು ಬಾಯಾರಿದ ಮೇಲೆ ಬಾವಿ ತೋಡಿದಂತೆ. ಕೆಸರು ಕಂಡಾಗಲೇ 4ಎಚ್ ಬೀಳಬೇಕು. ಕಡಿದಾದ ಏರು, ದೊಡ್ಡ ಕಲ್ಲು, ಇಳಿಜಾರುಗಳಿಗೆ ಗಾಡಿ ನಿಲ್ಲಿಸಿ, ಕ್ಲಚ್ ಒತ್ತಿ 4ಎಲ್ ಹಾಕಬೇಕು. ಇಳಿಯುವಾಗ 4ಎಲ್‌ನ ಒಂದನೇ ಗೇರು, ಕ್ಲಚ್ಚಿನ ಮೇಲೆ ಕಾಲಿಲ್ಲ. ಮಿಕ್ಕದ್ದನ್ನು ಎಂಜಿನ್ ನೋಡಿಕೊಳ್ಳುತ್ತದೆ. 4ಎಚ್ ಮತ್ತು 4ಎಲ್ ನಡುವೆ ಒಂದು ನ್ಯೂಟ್ರಲ್ ಇದೆ. ಲಿವರು ಅಲ್ಲಿ ನಿಂತರೆ, ಒಂದನೇ ಗೇರಿನಲ್ಲಿಟ್ಟ ಗಾಡಿಯೂ ಇಳಿಜಾರಿನಲ್ಲಿ ಉರುಳಿಹೋಗುತ್ತದೆ. ಹ್ಯಾಂಡ್‌ಬ್ರೇಕ್ ಎಳೆಯದೆ ಇಳಿಯಬೇಡಿ, ಚಕ್ರಕ್ಕೆ ಕಲ್ಲು ಕೊಡಿ.

ನಾಲ್ಕು ಚಕ್ರ ಎಂದ ಮಾತ್ರಕ್ಕೆ ನಾಲ್ಕೂ ಸದಾ ಎಳೆಯುತ್ತವೆ ಎಂದೂ ಅಲ್ಲ. ಮುಂದಿನದೊಂದು, ಹಿಂದಿನದೊಂದು ಚಕ್ರ ಗಾಳಿಯಲ್ಲಿದ್ದರೆ ಡಿಫರೆನ್ಷಿಯಲ್ ಶಕ್ತಿಯನ್ನೆಲ್ಲ ಅವಕ್ಕೇ ಹರಿಸುತ್ತದೆ. ನೆಲದ ಮೇಲಿರುವ ಎರಡು ಸುಮ್ಮನೆ ನಿಲ್ಲುತ್ತವೆ. ಜಿಮ್ನಿಯಂಥ ಹೊಸ ಗಾಡಿಗಳಲ್ಲಿ ಸುತ್ತುವ ಚಕ್ರವನ್ನು ಬ್ರೇಕು ತಾನಾಗಿ ಹಿಡಿಯುವ ವ್ಯವಸ್ಥೆ ಇದೆ. ಹಳೆಯ ಗಾಡಿಯಲ್ಲಿ ಆ ಕೆಲಸ ನಿಮ್ಮ ಕಣ್ಣಿನದು. ಇಳಿದು ನಡೆದು ದಾರಿ ನೋಡಿ, ಯಾವ ಚಕ್ರ ಎಲ್ಲಿ ಬೀಳುತ್ತದೆ ಎಂದು ಗುರುತಿಟ್ಟು ಹೊರಡಿ.

ಹಲಸೂರಿನಿಂದ ಹಳೇ ಮದರಾಸು ರಸ್ತೆ ಹಿಡಿದು, ಟಿನ್ ಫ್ಯಾಕ್ಟರಿ ದಾಟಿ, 2003ರಲ್ಲಿ ತೆರೆದ ಕೆ.ಆರ್. ಪುರದ ತೂಗುಸೇತುವೆ ಏರಿದರೆ ಕೋಲಾರದ ಕೆಮ್ಮಣ್ಣು ದೂರವಿಲ್ಲ. ಮಳೆ ಬಿದ್ದಾಗ ಈ ಮಣ್ಣಿನ ಮೇಲ್ಪದರ ಬೆಣ್ಣೆ, ಅಡಿಯಲ್ಲಿ ಗಟ್ಟಿ. ಹವಾ ಇಳಿಸಿದ ಎ.ಟಿ. ಟೈರು, 4ಎಚ್, ಎರಡನೇ ಗೇರು ಸಾಕು. ದಾರಿಯ ಎಲೆಮಲ್ಲಪ್ಪಶೆಟ್ಟಿ ಕೆರೆಯಂಥ ಕೆರೆಗಳ ಅಂಗಳಕ್ಕೆ ಮಾತ್ರ ಇಳಿಯಬೇಡಿ. ಒಣಗಿದ ಹೂಳಿನ ಹೊರಪದರದ ಕೆಳಗೆ ಕೆಸರಿರುತ್ತದೆ. ಅದಲ್ಲದೆ ಕೆರೆ ಆಟದ ಬಯಲಲ್ಲ; ಊರಿನ ನೀರು ಅದು.

ಮಡಿಕೇರಿಯ ಮಾಂದಲಪಟ್ಟಿಗೆ ಪ್ರವಾಸಿಗರನ್ನು ಹೊತ್ತು ಏರುವ ಬಾಡಿಗೆ ಜೀಪುಗಳ ಬಗ್ಗೆ ಕುತೂಹಲ ಇರುವವರು ಒಮ್ಮೆ ಹೋಗಿ ಚಾಲಕನ ಕೈಕಾಲು ಗಮನಿಸಿ. ಸಣ್ಣ ಲಿವರು ಯಾವಾಗ ಬೀಳುತ್ತದೆ, ಕ್ಲಚ್ಚಿನಿಂದ ಕಾಲು ಯಾವಾಗ ಸರಿಯುತ್ತದೆ ಎಂಬುದನ್ನು ನೋಡಿ ಬನ್ನಿ. ಆಮೇಲೆ ಶಿವಾಜಿನಗರಕ್ಕೆ ಟೈರು ಕೊಳ್ಳಲು ಹೊರಟರೆ, ವರ್ಷದ ಹೆಚ್ಚಿನ ದಿನ ನಿಮ್ಮ ಗಾಡಿ ಓಡುವುದು ಎಲ್ಲಿ ಎಂದು ಮೊದಲು ಲೆಕ್ಕ ಹಾಕಿ. ಮುನ್ನೂರು ದಿನ ಇಂದಿರಾನಗರವೇ ಆದರೆ, ಒಳ್ಳೆಯದೊಂದು ಎ.ಟಿ. ಟೈರು, ಹವಾ ನೋಡುವ ಮೀಟರು, ಸಣ್ಣ ಪಂಪು, ಇಷ್ಟು ತನ್ನಿ. ಉಳಿದ ದುಡ್ಡು ಪೆಟ್ರೋಲಿಗಾಗುತ್ತದೆ.